ಹೆಸರನ್ನು ಒಪ್ಪದ ಅರ್ಜಿ



ವಿದ್ಯಾರ್ಥಿವೇತನಕ್ಕೋ ರೈಲು ಟಿಕೆಟಿಗೋ ಮೊಬೈಲಿನಲ್ಲಿ ವಿವರ ತುಂಬುತ್ತಿರುತ್ತೀರಿ. ಪಿನ್‌ಕೋಡಿನಲ್ಲಿ ಒಂದಂಕಿ ಬಿಟ್ಟುಹೋದರೆ ಸಾಕು, 'ಸರಿಯಾದ ಪಿನ್‌ಕೋಡ್ ನಮೂದಿಸಿ' ಎಂದು ಕೆಂಪಕ್ಷರದಲ್ಲಿ ಬರುತ್ತದೆ. ನೀವಿನ್ನೂ ಅರ್ಜಿ ಕಳಿಸಿಲ್ಲ. ಅಂಚೆ ಇಲಾಖೆಯ ಪಟ್ಟಿಯನ್ನು ಯಾರೂ ತೆರೆದು ನೋಡಿಲ್ಲ. ಆದರೂ ತಪ್ಪು ಗೊತ್ತಾಯಿತು. ಹೆಚ್ಚಿನ ಕಡೆ ಈ ಕೆಲಸ ಮಾಡುವುದು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಒಂದೇ ಸಾಲಿನ ಬರಹ. ಸಾಫ್ಟ್‌ವೇರಿನವರ ಬಾಯಲ್ಲಿ ಅದು ರೆಜೆಕ್ಸ್.

ಆ ಸಾಲಿನಲ್ಲಿರುವುದು ಚಿಹ್ನೆಗಳು. ಅದನ್ನು ಮಾತಿನಲ್ಲಿ ಓದಿದರೆ ಹೀಗಿರುತ್ತದೆ: ಇಲ್ಲಿ ಶುರು, ಮೊದಲು ಒಂದರಿಂದ ಒಂಬತ್ತರೊಳಗಿನ ಒಂದಂಕಿ, ಆಮೇಲೆ ಸೊನ್ನೆಯಿಂದ ಒಂಬತ್ತರೊಳಗಿನ ಐದಂಕಿ, ಇಲ್ಲಿಗೆ ಮುಗಿಯಿತು. ನಮ್ಮ ಯಾವ ಪಿನ್‌ಕೋಡೂ ಸೊನ್ನೆಯಿಂದ ಶುರುವಾಗುವುದಿಲ್ಲ ಎಂಬುದಕ್ಕೇ ಮೊದಲ ಅಂಕಿಗೆ ಆ ಕಟ್ಟು. 'ಇಲ್ಲಿ ಶುರು', 'ಇಲ್ಲಿಗೆ ಮುಗಿಯಿತು' ಎಂಬ ಗುರುತುಗಳನ್ನು ಹೊಸಬರು ಬಿಟ್ಟುಬಿಡುತ್ತಾರೆ. ಬಿಟ್ಟರೆ ಹತ್ತಂಕಿಯ ಮೊಬೈಲ್ ನಂಬರೂ ಪಿನ್‌ಕೋಡೆಂದು ಪಾಸಾಗುತ್ತದೆ, ಅದರೊಳಗೆ ಆರಂಕಿ ಇದ್ದೇ ಇರುತ್ತದಲ್ಲ!

ರೆಜೆಕ್ಸ್ ಅರ್ಜಿಗಳಿಗಾಗಿ ಹುಟ್ಟಿದ್ದಲ್ಲ. ಮಿದುಳಿನ ನರಕೋಶಗಳ ಜಾಲಕ್ಕೆ ಗಣಿತದ ರೂಪ ಕೊಡುವ ಪ್ರಯತ್ನ 1940ರ ದಶಕದಲ್ಲಿ ಅಮೆರಿಕದಲ್ಲಿ ನಡೆದಿತ್ತು. ಅಂಥ ಜಾಲ ಏನೇನನ್ನು ಗುರುತಿಸಬಲ್ಲದು ಎಂದು ಲೆಕ್ಕ ಹಾಕುತ್ತಾ 1951ರಲ್ಲಿ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೇನಿ ಈ ಬರವಣಿಗೆಯ ಕ್ರಮ ಕಂಡುಕೊಂಡರು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಅದನ್ನು ಕಂಪ್ಯೂಟರಿನಲ್ಲಿ ಪದ ಹುಡುಕುವುದಕ್ಕೆ ಬಳಸುವ ದಾರಿ ತೋರಿಸಿದರು.

ರೆಜೆಕ್ಸ್ ನೋಡುವುದು ಆಕಾರವನ್ನು ಮಾತ್ರ, ನಿಜವನ್ನಲ್ಲ. ಹಣ ಕಳಿಸುವಾಗ ಕೇಳುವ ಐಎಫ್‌ಎಸ್‌ಸಿ ಕೋಡನ್ನೇ ತೆಗೆದುಕೊಳ್ಳಿ. ಅದರಲ್ಲಿ ಹನ್ನೊಂದು ಸ್ಥಾನ: ಮೊದಲ ನಾಲ್ಕು ಬ್ಯಾಂಕಿನ ಅಕ್ಷರ, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. 'ಎಸ್‌ವೈಎನ್‌ಬಿ' ಎಂದು ಶುರುವಾಗುವ ಅದರ ಹಳೆಯ ಕೋಡುಗಳು 2021ರ ಜುಲೈ 1ರಿಂದ ನಿಂತುಹೋದವು. ಇವತ್ತಿಗೂ ಆ ಕೋಡನ್ನು ಕೊಟ್ಟರೆ ರೆಜೆಕ್ಸ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಕೋಡು ಚಾಲ್ತಿಯಲ್ಲಿದೆಯೇ ಎಂದು ತಿಳಿಯಲು ಬ್ಯಾಂಕುಗಳ ಪಟ್ಟಿಯನ್ನೇ ನೋಡಬೇಕು.

ಇದಾದರೂ ಸರಿಮಾಡಿಕೊಳ್ಳಬಹುದಾದ ತೊಡಕು. ನನಗೆ ಸಂಕಟವಾಗುವುದು ಹೆಸರಿನ ವಿಷಯದಲ್ಲಿ. 'ಎ ಯಿಂದ ಝಡ್‌ವರೆಗಿನ ಅಕ್ಷರ ಮಾತ್ರ' ಎಂದು ಒಬ್ಬರು ಬರೆದಿಟ್ಟರೆ ಇನಿಷಿಯಲ್ಲಿನ ಮುಂದಿನ ಚುಕ್ಕಿ ತಪ್ಪಾಗುತ್ತದೆ. ಮಂಗಳೂರು ಕಡೆಯ ಡಿಸೋಜರು ಇಂಗ್ಲಿಷಿನಲ್ಲಿ ಹಾಕುವ ಅಪಾಸ್ಟ್ರಫಿಯೂ ತಪ್ಪಾಗುತ್ತದೆ. ಸರ್‌ನೇಮ್ ಕಡ್ಡಾಯ ಎಂದರೆ ಒಂಟಿ ಹೆಸರಿನವರು ಇನಿಷಿಯಲ್ಲನ್ನೇ ಅಲ್ಲಿ ತುರುಕಬೇಕು. ಮಾರ್ಕ್ಸ್‌ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಆಮೇಲೆ ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸುವ ಅಲೆದಾಟ.

ಕನ್ನಡದಲ್ಲೇ ಹೆಸರು ಬರೆಯಲು ಹೊರಟರೆ ತೊಡಕು ಇನ್ನೂ ಆಳದಲ್ಲಿದೆ. ಕೃಷ್ಣಮೂರ್ತಿ ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕಕ್ಷರ. ಕಂಪ್ಯೂಟರಿನಲ್ಲಿ ಬರಹಕ್ಕೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಅದು ಹನ್ನೊಂದು ಸಂಕೇತ. ಕ, ಷ, ಣ, ಮ, ರ, ತ ಎಂಬ ಆರು 'ಅಕ್ಷರ'ದ ಗುಂಪಿಗೆ ಸೇರಿದವು. ವಟ್ರಸುಳಿ, ಊಕಾರದ ಕೊಂಬು, ಗುಡಿಸು, ಒತ್ತಕ್ಷರ ಕೂಡಿಸುವ ಎರಡು ವಿರಾಮ, ಈ ಐದೂ 'ಗುರುತು' ಎಂಬ ಬೇರೆ ಗುಂಪಿನವು. ಅಕ್ಷರ ಮಾತ್ರ ಬಿಡು ಎಂದ ರೆಜೆಕ್ಸ್ ಎರಡನೆಯ ಸಂಕೇತಕ್ಕೇ, ಅಂದರೆ ಕೃ ಮುಗಿಯುವ ಮೊದಲೇ, ಬಾಗಿಲು ಹಾಕುತ್ತದೆ. ಬಹಳ ಬಳಕೆಯಲ್ಲಿರುವ ಪೈಥಾನ್ ಭಾಷೆಯ ಜೊತೆಗೇ ಬರುವ ರೆಜೆಕ್ಸಿಗೆ 'ಕನ್ನಡ' ಎಂಬ ಪದ ಕೊಟ್ಟು, ಪದಗಳನ್ನು ಹೆಕ್ಕು ಎಂದು ಹೇಳಿ ನೋಡಿ. 'ಕನ' ಒಂದು, 'ನಡ' ಒಂದು ಎಂದು ಎರಡು ತುಂಡು ಕೊಡುತ್ತದೆ. ನಡುವಿನ ವಿರಾಮವನ್ನು ಅದು ಪದದ ಭಾಗವೆಂದೇ ಎಣಿಸುವುದಿಲ್ಲ.

ಅಕ್ಷರದ ಗುಂಪಿನ ಜೊತೆ ಗುರುತಿನ ಗುಂಪನ್ನೂ ಸೇರಿಸಿದರೆ ಕೃಷ್ಣಮೂರ್ತಿಯವರು ಒಳಗೆ ಬರುತ್ತಾರೆ. ರಾಜ್‌ಕುಮಾರ್ ಆಗಲೂ ಹೊರಗೇ! ಜಕಾರದ ಕೆಳಗೆ ಕಕಾರ ಒತ್ತಾಗಿ ಇಳಿಯದಂತೆ ತಡೆಯಲು ಅಲ್ಲೊಂದು ಕಣ್ಣಿಗೆ ಕಾಣದ ಸಂಕೇತ ಇರುತ್ತದೆ. ಅದು ಈ ಎರಡೂ ಗುಂಪಿನದಲ್ಲ. ಅದಕ್ಕೂ ಪ್ರತ್ಯೇಕವಾಗಿ ಅನುಮತಿ ಬರೆಯಬೇಕು.

ಇಲಾಖೆಯೋ ಬ್ಯಾಂಕೋ ಕೊಟ್ಟ ಸಂಖ್ಯೆಗೆ ಆಕಾರ ಇಷ್ಟೇ ಎಂಬ ನಿಯಮವಿದೆ, ಅಲ್ಲಿ ರೆಜೆಕ್ಸ್ ಬಿಗಿಯಾಗಿರಲಿ. ತಂದೆತಾಯಿ ಇಟ್ಟ ಹೆಸರಿಗೆ ಅಂಥ ನಿಯಮವಿಲ್ಲ. ಅರ್ಜಿ ನಮೂನೆ ತಯಾರಿಸುವ ತರುಣ ತರುಣಿಯರಲ್ಲಿ ನನ್ನದೊಂದು ಕೋರಿಕೆ: ಹೆಸರಿನ ಜಾಗ ಖಾಲಿ ಉಳಿದಿಲ್ಲ ಎಂಬುದನ್ನಷ್ಟೇ ನೋಡಿ, ಉಳಿದದ್ದನ್ನು ಬರೆದವರಿಗೆ ಬಿಡಿ. ನಿಮ್ಮ ನಮೂನೆಯನ್ನು ಜನರಿಗೆ ಕೊಡುವ ಮುನ್ನ ನಿಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ತುಂಬಿ ಪರೀಕ್ಷಿಸಿ.