ದಾಖಲೆ ಇರೋದು ಬೇರೆ, ಬೇಕಾದಾಗ ಸಿಗೋದು ಬೇರೆ

ಬಸ್ಸಲ್ಲಿ ಕೂತಿದ್ದೀರೋ, ರೂಮಲ್ಲಿ ಅಡುಗೆ ಮಾಡ್ತಿದ್ದೀರೋ, ಎಲ್ಲಿದ್ದರೂ ಒಂದ್ ಹತ್ತು ನಿಮಿಷ ನನ್ನ ಜೊತೆ ಇರಿ. ಇವತ್ತಿನ ವಿಷಯ ಡೇಟಾಬೇಸ್. ಹೆಸರು ಕೇಳಿ ಮುಂದಿನ ಎಪಿಸೋಡಿಗೆ ಹಾರಬೇಡಿ. ನಾನೂ ಬಿಕಾಂ ಓದಿದವನು. ಕೋಡಿಂಗ್ ಕಲಿತದ್ದು ಮೊಬೈಲ್ ನೋಡ್ಕೊಂಡು, ತಪ್ಪು ಮಾಡ್ಕೊಂಡು. ಆ ತಪ್ಪುಗಳ ಕಥೆಯನ್ನೇ ಇವತ್ತು ಹೇಳ್ತೀನಿ.

ಅದಕ್ಕೂ ಮೊದಲು ನಮ್ಮ ಸನ್ನತಿ. ಚಿತ್ತಾಪುರ ತಾಲ್ಲೂಕು, ಭೀಮಾ ನದಿ ದಂಡೆ. ಚಂದ್ರಲಾಂಬಾ ಗುಡಿಗೆ ನಿಮ್ಮಲ್ಲಿ ಎಷ್ಟೋ ಜನ ಬಂದಿರ್ತೀರಿ. 1986ರಲ್ಲಿ ಆ ಗುಡಿಯ ಆವರಣದಲ್ಲಿರೋ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಗೊತ್ತಾಯ್ತು, ದೇವಿ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇದೆ ಅಂತ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎಷ್ಟು ತಲೆಮಾರಿನ ಜನ ಅದರ ಮುಂದೆ ನಿಂತು ಕೈ ಮುಗಿದಿದ್ದಾರೋ! ದಾಖಲೆ ಅಲ್ಲೇ ಇತ್ತು. ಓದೋ ದಾರಿ ಇರಲಿಲ್ಲ.

ನನ್ನ ಕಥೆಯಲ್ಲೂ ಹಾಗೇ ಆಯ್ತು. ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ ಇತ್ತು, ಬೇಕಾದ ಹೊತ್ತಿಗೆ ಸಿಗ್ತಿರಲಿಲ್ಲ.

ಸೇಡಂ ಕಡೆಯ ಒಂದು ಅಡತ್ ಅಂಗಡಿಗೆ ನಾನು ಲೆಕ್ಕದ ಆ್ಯಪ್ ಮಾಡಿಕೊಟ್ಟಿದ್ದೆ. ಯಾವ ರೈತರು ಎಷ್ಟು ಚೀಲ ತೊಗರಿ ತಂದರು, ಎಷ್ಟು ಮುಂಗಡ ತಗೊಂಡಿದ್ದರು, ಎಷ್ಟು ಬಾಕಿ, ಇಷ್ಟೇ. ಮಳೆಗಾಲದಲ್ಲಿ ಚೆನ್ನಾಗಿ ನಡೀತು. ಜನವರಿ ಬಂತು, ತೊಗರಿ ಬಂತು, ಅಂಗಡಿ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಿತು. ಬಾಕಿ ಪಟ್ಟಿ ತೆರೆದರೆ ಸ್ಕ್ರೀನ್ ಮೇಲೆ ಬರೀ ಚಕ್ರ ತಿರುಗೋದು. ಅಲ್ಲಿನ ಮುನೀಮ ಕಾಕಾ ಕನ್ನಡಕ ಏರಿಸಿ ಕೇಳಿದರು, "ತಮ್ಮಾ, ನಿನ್ನ ಗಾಣ ಏನೋ ತಿರಗ್ಲತ್ತದ, ಎಣ್ಣಿ ಯಾವಾಗ ಬರ್ತದ?"

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡೋದನ್ನೇ. ದೊಡ್ಡ ಸರ್ವರ್ ಬಾಡಿಗೆಗೆ ತಗೊಂಡೆ. ತಿಂಗಳ ಖರ್ಚು ಎರಡು ಪಟ್ಟಾಯ್ತು, ಚಕ್ರ ಮಾತ್ರ ಹಾಗೇ ತಿರುಗ್ತಿತ್ತು.

ಆಮೇಲೆ ಎರಡನೇ ಉಪಾಯ, ಕ್ಯಾಶ್. ಅಂದರೆ ಬಾಕಿ ಪಟ್ಟಿಯನ್ನ ಒಂದು ಸಲ ಲೆಕ್ಕ ಹಾಕಿ ಪಕ್ಕಕ್ಕೆ ಇಟ್ಕೊಳ್ಳೋದು, ಕೇಳಿದವರಿಗೆಲ್ಲ ಅದನ್ನೇ ತೋರಿಸೋದು. ಗಂಟೆಗೊಮ್ಮೆ ಹೊಸದು ಮಾಡೋದು. ಸ್ಕ್ರೀನ್ ಟಕ್ಕಂತ ತೆರೀತು. ಎಲ್ಲರಿಗೂ ಖುಷಿ. ಎರಡು ದಿನ.

ಮೂರನೇ ದಿನ ಒಬ್ಬ ಹಿರಿಯರು ತೊಗರಿ ತಂದರು. ತೂಕ ಆಯ್ತು, ಪಟ್ಟಿ ಆಯ್ತು. ಅದರಲ್ಲಿ 20,000 ರೂಪಾಯಿ ಹಳೇ ಬಾಕಿ ಅಂತ ಮುರಿದಿತ್ತು. ಅವರು ಜೋರು ಮಾಡಲಿಲ್ಲ. "ನನ್ನ ಮಗ ಈಗ ಮುಂಜಾನೆನೇ ಕಟ್ಟಿ ಹೋಗ್ಯಾನಲ್ರಿ" ಅಂದರು, ಅಷ್ಟೇ. ನಾನು ಸ್ಕ್ರೀನ್ ತೋರಿಸಿ, "ಇಲ್ರಿ ಕಾಕಾ, ಇಲ್ಲಿ ಬಾಕಿನೇ ಅದ" ಅಂದೆ. ಸುತ್ತ ಹತ್ತು ಜನ ನಿಂತಿದ್ದರು. ಅವರ ಮುಖ ಸಣ್ಣದಾಯ್ತು.

ಮುನೀಮ ಕಾಕಾ ಏನೂ ಮಾತಾಡದೆ ಕೆಂಪು ಬಟ್ಟೆಯ ಖಾತೆ ಪುಸ್ತಕ ತೆಗೆದರು. ಮೊದಲ ಹಾಳೆಯಲ್ಲಿ ಊರು, ಊರಿನ ಕೆಳಗೆ ಹೆಸರು, ಹೆಸರಿನ ಪಕ್ಕ ಪುಟದ ನಂಬರ್. ಬೆರಳಿಟ್ಟರು, ಪುಟ ತಿರುವಿದರು. 20,000 ಜಮಾ, ಆವತ್ತಿನ ತಾರೀಕು. ಅರ್ಧ ನಿಮಿಷವೂ ಆಗಲಿಲ್ಲ. ನಾನು ಆ ಹಿರಿಯರ ಕೈ ಹಿಡಿದು ತಪ್ಪಾಯ್ತು ಅಂದೆ. ಕ್ಯಾಶ್ ತೆಗೆದುಹಾಕಿದೆ. ನಿಧಾನ ಇದ್ದರೆ ಜನ ಬೈತಾರೆ. ತಪ್ಪು ಲೆಕ್ಕ ಬೇಗ ತೋರಿಸಿದರೆ ಒಬ್ಬ ಮನುಷ್ಯನ ಮಾತನ್ನೇ ಸುಳ್ಳು ಮಾಡಿಬಿಡ್ತೀವಿ.

ಆವತ್ತು ರಾತ್ರಿ ಕೂತು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ನನ್ನ ಆ್ಯಪ್ ಡೇಟಾಬೇಸಿಗೆ ಏನೇನು ಕೇಳ್ತಿದೆ ಅಂತ ಲಾಗ್ ಹಾಕಿ ನೋಡಿದೆ. ಒಂದು ಬಾಕಿ ಪಟ್ಟಿ ತೆರೆಯೋಕೆ 301 ಕ್ವೆರಿ! ರೈತರ ಹೆಸರು ತರೋಕೆ ಒಂದು, ಆಮೇಲೆ 300 ರೈತರ ಬಾಕಿಗೆ ಒಂದೊಂದು ಸಲ. ಕೋಡಿನಲ್ಲಿ ಅದು ಎರಡೇ ಸಾಲಿನ ಲೂಪ್. ಓಆರ್‌ಎಂ ಅನ್ನೋ ಸಲಕರಣೆ ಹಿಂದೆ ನಿಂತು ಈ ಓಡಾಟ ಮಾಡ್ತಿತ್ತು, ಕಣ್ಣಿಗೆ ಬೀಳ್ತಿರಲಿಲ್ಲ. ಸರ್ವರ್ ಒಂದು ಊರಲ್ಲಿ, ಡೇಟಾಬೇಸ್ ಇನ್ನೊಂದು ಊರಲ್ಲಿ. ಹೋಗಿ ಬರೋಕೆ 20 ಮಿಲಿಸೆಕೆಂಡ್ ಅಂದರೂ 301 ಸಲಕ್ಕೆ 6 ಸೆಕೆಂಡ್ ದಾರಿಯಲ್ಲೇ ಹೋಯ್ತು. ಇದನ್ನ ಎನ್ ಪ್ಲಸ್ ಒನ್ ಸಮಸ್ಯೆ ಅಂತಾರೆ. ಕಿರಾಣಿ ಅಂಗಡಿಗೆ ಚೀಟಿ ಬರೆದು ಒಂದೇ ಸಲ ಹೋಗೋ ಬದಲು, ಉಪ್ಪಿಗೊಮ್ಮೆ ಸಕ್ಕರೆಗೊಮ್ಮೆ ಹೋದ ಹಾಗೆ. ಜಾಯಿನ್ ಹಾಕಿ, ರೈತರ ಪ್ರಕಾರ ಗುಂಪು ಮಾಡಿ, ಒಂದೇ ಕ್ವೆರಿಯಲ್ಲಿ ತಂದೆ.

ಅರ್ಧ ಸರಿಹೋಯ್ತು. ಇನ್ನರ್ಧ ಮುನೀಮ ಕಾಕಾನ ಮೊದಲ ಹಾಳೆಯಲ್ಲಿತ್ತು.

ಬಿಕಾಂ ಓದಿದವರಿಗೆ ಜರ್ನಲ್, ಲೆಡ್ಜರ್ ಗೊತ್ತಲ್ಲ? ಜರ್ನಲ್ ತಾರೀಕಿನ ಪ್ರಕಾರ, ಲೆಡ್ಜರ್ ಖಾತೆಯ ಪ್ರಕಾರ. ಒಬ್ಬರ ಬಾಕಿ ಬೇಕು ಅಂತ ಇಡೀ ಜರ್ನಲ್ ಓದೋರು ಯಾರೂ ಇಲ್ಲ. ನನ್ನ ಡೇಟಾಬೇಸ್ ಅದನ್ನೇ ಮಾಡ್ತಿತ್ತು. ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಅಂತ ಹಾಕಿದರೆ ಡೇಟಾಬೇಸ್ ತಾನು ಹುಡುಕಿದ ದಾರಿ ಹೇಳುತ್ತೆ. ಹುಷಾರು, ಅದು ಕ್ವೆರಿಯನ್ನ ನಿಜವಾಗಿಯೂ ಓಡಿಸುತ್ತೆ, ಡಿಲೀಟ್ ಕ್ವೆರಿಯ ಮುಂದೆ ಹಾಕಿ ಕೈ ಸುಟ್ಕೋಬೇಡಿ. ನನಗೆ ಬಂದ ಉತ್ತರ ಸೀಕ್ವೆನ್ಷಿಯಲ್ ಸ್ಕ್ಯಾನ್. ಅಂದರೆ ಒಬ್ಬ ರೈತರ ಖಾತೆ ತೆರೆದರೂ ಟೇಬಲ್ ಮೊದಲಿಂದ ಕೊನೆತನಕ ಓದ್ತಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರೈಮರಿ ಕೀಗೆ ಇಂಡೆಕ್ಸ್ ತಾನಾಗೇ ಬರುತ್ತೆ, ಫಾರಿನ್ ಕೀ ಇರೋ ಕಾಲಮ್ಮಿಗೆ ಬರಲ್ಲ. ನಾವೇ ಹಾಕಬೇಕು. ನನಗೆ ಗೊತ್ತಿರಲಿಲ್ಲ. ಹಾಕಿದೆ, ಖಾತೆ ಕಣ್ಣು ಮಿಟುಕಿಸೋದರೊಳಗೆ ಬಂತು.

ಇಂಡೆಕ್ಸಿನಲ್ಲಿ ಕಾಲಮ್ಮುಗಳ ಕ್ರಮವೂ ಮುಖ್ಯ. ಇದಕ್ಕೆ ನಮ್ಮ ಪಹಣಿಗಿಂತ ಒಳ್ಳೇ ಉದಾಹರಣೆ ಇಲ್ಲ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿತು. ಕೈಬರಹದ ಪಹಣಿಗೆ ಕಾಯೋ ಬದಲು ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗೋಕೆ ಶುರುವಾಯ್ತು. ಈಗ ಮೊಬೈಲಿನಲ್ಲಿ ಪಹಣಿ ತೆಗೆಯುವಾಗ ಏನು ಕೇಳುತ್ತೆ? ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಆಮೇಲೆ ಸರ್ವೆ ನಂಬರ್, ಹಿಸ್ಸಾ. ಬರೀ ಸರ್ವೆ ನಂಬರ್ 45 ಅಂದರೆ ಯಾವ ಊರಿನ 45? ಸನ್ನತಿ ಅಂದಮೇಲೆ ತಾನೆ ಅದಕ್ಕೆ ಅರ್ಥ. ಎರಡು ಮೂರು ಕಾಲಮ್ಮಿನ ಇಂಡೆಕ್ಸೂ ಹೀಗೇ. ಊರು, ಹೆಸರು ಅನ್ನೋ ಕ್ರಮದಲ್ಲಿ ಕಟ್ಟಿದ ಇಂಡೆಕ್ಸಿಗೆ ಊರು ಬಿಟ್ಟು ಬರೀ ಹೆಸರು ಕೊಟ್ಟರೆ ಅದು ಹೆಚ್ಚು ಕೆಲಸಕ್ಕೆ ಬರಲ್ಲ. ನಮ್ಮ ಕಡೆ ಶರಣಪ್ಪ ಅಂತ ಹುಡುಕಿ ನೋಡಿ, ಗೊತ್ತಾಗುತ್ತೆ.

ಹಾಗಂತ ಎಲ್ಲಾ ಕಾಲಮ್ಮಿಗೂ ಇಂಡೆಕ್ಸ್ ಹಾಕಬೇಡಿ. ಜರ್ನಲ್‌ನಲ್ಲಿ ಬರೆದದ್ದನ್ನ ಲೆಡ್ಜರಿಗೂ ಏರಿಸಬೇಕಲ್ಲ, ಹಾಗೇ ಪ್ರತಿ ಹೊಸ ಸಾಲಿಗೂ ಎಲ್ಲಾ ಇಂಡೆಕ್ಸ್ ತಿದ್ದಬೇಕು. ಹತ್ತು ಇಂಡೆಕ್ಸ್ ಇದ್ದರೆ ಓದೋದು ಚುರುಕು, ಬರೆಯೋದು ಭಾರ.

ಇನ್ನೊಂದು, ಕನೆಕ್ಷನ್. ಪ್ರತಿ ಸಲವೂ ಡೇಟಾಬೇಸಿಗೆ ಹೊಸ ಕನೆಕ್ಷನ್ ತೆರೆಯೋದು ಅಂದರೆ ಪ್ರತಿ ಚೀಲಕ್ಕೂ ಊರಿಂದ ಹೊಸ ಹಮಾಲರನ್ನ ಕರೆಸಿದಂತೆ. ಕನೆಕ್ಷನ್ ಪೂಲ್ ಇಟ್ಕೊಂಡರೆ ಹತ್ತು ಜನ ಹಮಾಲರು ಅಂಗಡಿ ಮುಂದೆ ಸಿದ್ಧ ಇರ್ತಾರೆ. ನೂರು ಜನರನ್ನ ನಿಲ್ಲಿಸಿದರೂ ಲಾಭ ಇಲ್ಲ, ತಕ್ಕಡಿ ಒಂದೇ ಅಲ್ವಾ?

ಆ 20,000 ರೂಪಾಯಿಯ ಮಾತು? ಈಗ ಪಟ್ಟಿ ಮಾಡುವಾಗ ಬಾಕಿಯನ್ನ ಆ ಕ್ಷಣದಲ್ಲೇ ಓದ್ತೀನಿ. ಆ ರೈತರ ಸಾಲಿಗೆ ಬೀಗ ಹಾಕಿ, ಓದೋದು, ಮುರಿಯೋದು, ಬರೆಯೋದು ಎಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಜಮಾ ಮಾಡೋ ಕೋಡೂ ಅದೇ ಬೀಗ ಕೇಳಿ ಮುಂದೆ ಹೋಗುತ್ತೆ. ಕ್ಯಾಶ್ ಕೆಟ್ಟದ್ದಲ್ಲ. ಊರುಗಳ ಪಟ್ಟಿಗೆ ಇಟ್ಕೊಳ್ಳಿ, ಅದು ದಿನಾ ಬದಲಾಗಲ್ಲ. ಹಣ ಕೈ ಬದಲಾಗೋ ಜಾಗದಲ್ಲಿ ಮಾತ್ರ ಬೇಡ.

ದೊಡ್ಡ ಸರ್ವರ್ ವಾಪಸ್ ಕೊಟ್ಟೆ. ಹಳೇ ಸಣ್ಣ ಸರ್ವರಿನಲ್ಲೇ ಆ ತೊಗರಿ ಸೀಸನ್ ಮುಗೀತು. ಹಾಗಾಗಿ ನಿಮ್ಮ ಆ್ಯಪ್ ನಿಧಾನ ಆದರೆ ಮೊದಲು ಜೇಬಿಗೆ ಕೈ ಹಾಕಬೇಡಿ. ಎಷ್ಟು ಸಲ ಕೇಳ್ತಿದ್ದೀರಿ, ಹೇಗೆ ಕೇಳ್ತಿದ್ದೀರಿ, ಅದನ್ನ ನೋಡಿ.

ಮುನೀಮ ಕಾಕಾ ಇವತ್ತಿಗೂ ಕೆಂಪು ಪುಸ್ತಕ ಬಿಟ್ಟಿಲ್ಲ. ಸಂಜೆ ಅಂಗಡಿ ಮುಚ್ಚೋ ಮುಂಚೆ ಆ್ಯಪಿನ ಲೆಕ್ಕ, ಪುಸ್ತಕದ ಲೆಕ್ಕ ಎರಡೂ ತಾಳೆ ನೋಡ್ತಾರೆ. ಮೊದಲು ನನಗೆ ಅದು ಅವಮಾನ ಅನ್ನಿಸ್ತಿತ್ತು. ಈಗ ಪಕ್ಕದಲ್ಲಿ ಕೂತು ನಾನೇ ಅಂಕಿ ಓದಿ ಹೇಳ್ತೀನಿ.