ಗಾಳಕ್ಕೆ ಬೀಳುವುದು



ಮರುಳುಮಾತಿಗೆ ಸೋತು ಹಣವನ್ನು ಕಳೆದುಕೊಂಡವನನ್ನು ಕಂಡರೆ ನಾವು ‘ಗಾಳಕ್ಕೆ ಬಿದ್ದ’ ಎನ್ನುತ್ತೇವೆ. ಈ ನುಡಿಯ ಅರ್ಥವನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಇದು ನೀರಿನ ದಡದ ಮಾತು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ದಾಂಡೇಲಿಯನ್ನು ಹಾದು, ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಬಳಿ ಕಡಲನ್ನು ಸೇರುವ ಕಾಳೀ ನದಿಯ ದಡದಲ್ಲಾಗಲಿ, ಹಳಿಯಾಳ ಮುಂಡಗೋಡಗಳ ಕೆರೆಯ ಏರಿಯ ಮೇಲಾಗಲಿ ಗಾಳ ಹಿಡಿದು ಕುಳಿತವರನ್ನು ನೋಡಿದರೆ ಇದು ತಾನಾಗಿ ತಿಳಿಯುವುದು. ಬಲೆಯು ಹಸಿದ ಮೀನು, ಹೊಟ್ಟೆತುಂಬಿದ ಮೀನು ಎಂಬ ಭೇದವೆಣಿಸದೆ ಬಾಚಿಕೊಳ್ಳುತ್ತದೆ. ಗಾಳವಾದರೋ ಹಾಗಲ್ಲ; ಮೀನು ತಾನೇ ಬಾಯಿತೆರೆದು ಕಚ್ಚಬೇಕು. ಎರೆಹುಳು ಕಾಣುತ್ತದೆ, ಕೊಕ್ಕೆ ಕಾಣದು. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳಿರುವುದರಿಂದ ಒಳಹೊಕ್ಕುದು ಸುಲಭವಾಗಿ ಹೊರಬಾರದು.

ಜಿಂಕೆಯನ್ನು ಕಿವಿಯೂ, ಪತಂಗವನ್ನು ಕಣ್ಣೂ, ಮೀನನ್ನು ನಾಲಗೆಯೂ ಕೆಡಿಸುವುವೆಂದು ಹಿರಿಯರು ಹೇಳಿದರು. ಅವರು ತಪ್ಪನ್ನು ಮೀನಿನ ಚಪಲದ ಮೇಲೆ ಹೊರಿಸಿದರು. ಆದರೆ ನಮ್ಮ ರೂಢಿಯಲ್ಲಿ ‘ಗಾಳ ಹಾಕುವುದು’ ಎಂಬ ಇನ್ನೊಂದು ನುಡಿಯೂ ಉಂಟು. ಬೀಳುವವನಿರುವಲ್ಲಿ ಹಾಕುವವನೂ ಇರಲೇಬೇಕು. ದಡದಲ್ಲಿ ಕುಳಿತವನು ಮೀನಿನ ಹಸಿವನ್ನು ಬಲ್ಲವನು. ಅದನ್ನು ನಂಬಿಯೇ ಅವನು ಎರೆಯನ್ನು ಪೋಣಿಸುತ್ತಾನೆ.

ಜೀತದ ಮುಂಗಡ ಹಣವು ಇಂಥ ಎರೆಯೇ ಆಗಿದ್ದಿತು. ಮನೆಯ ಮದುವೆಗೋ ಮದ್ದಿಗೋ ಕೈನೀಡಿದವನು, ಪಡೆದ ಅಲ್ಪ ಹಣಕ್ಕಾಗಿ ವರ್ಷಾನುಗಟ್ಟಲೆ ದುಡಿದರೂ ಸಾಲ ತೀರುತ್ತಿರಲಿಲ್ಲ. ಕೆಲವೆಡೆ ಅದು ಮಕ್ಕಳ ಕೊರಳಿಗೂ ಬೀಳುತ್ತಿದ್ದಿತು. ಅವನದು ಚಪಲವೆಂದು ಹೇಳಬಹುದೆ? 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಮೀನನ್ನು ಹಳಿಯಲಿಲ್ಲ, ಗಾಳದ ದಾರವನ್ನೇ ಕತ್ತರಿಸಿತು: ಅಂಥ ಸಾಲವನ್ನು ತೀರಿಸಬೇಕಾದುದಿಲ್ಲವೆಂದೂ, ಜೀತಕ್ಕೆ ಇಟ್ಟುಕೊಳ್ಳುವುದು ಅಪರಾಧವೆಂದೂ ವಿಧಿಸಿತು.

ಇಂದು ಎರೆಯ ರೂಪ ಬೇರೆಯಾಗಿದೆ. ಬಹುಮಾನ ಬಂದಿದೆಯೆಂದು ದೂರವಾಣಿ ಕರೆಯುತ್ತದೆ; ನೌಕರಿ ಕೊಡಿಸುವೆವೆಂದು ಮೊದಲೇ ಹಣ ಕೇಳುತ್ತಾರೆ. ಇಂಥಲ್ಲಿ ಎರೆಯನ್ನು ಕಂಡಾಗಲೇ ದಾರವು ಯಾರ ಕೈಯಲ್ಲಿದೆಯೆಂದು ವಿಚಾರಿಸುವುದು ವಿವೇಕ. ಬಿದ್ದವನ ವಿಷಯದಲ್ಲಿಯಾದರೋ ಬೇರೊಂದು ಧರ್ಮವುಂಟು. ನಾವು ನಕ್ಕರೆ ಅವನು ನಾಚಿ ಬಾಯಿಮುಚ್ಚುವನು. ಅವನು ಬಾಯಿಮುಚ್ಚಿದರೆ ಗಾಳವು ಮತ್ತೆ ನೀರಿಗಿಳಿಯುವುದು. ಆದಕಾರಣ ಈ ನುಡಿಯನ್ನು ನಾವು ಎಚ್ಚರಿಕೆಗೆ ಬಳಸೋಣ, ಹಂಗಿಸುವುದಕ್ಕೆ ಬೇಡ.