ಶರತ್ಕಾಲದ ಸರಳ ಅಡಿಗೆ



ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು ಅಡಿಗೆಯ ವಿಷಯವನ್ನೆತ್ತಿಕೊಂಡರೆ, ‘ಇವನಿಗೇಕೆ ಈ ಅಧಿಕಪ್ರಸಂಗ?’ ಎಂದು ಗೃಹಿಣಿಯರು ನಗಬಹುದು. ನಗಲಿ. ಬಡಿಸಿದ್ದನ್ನು ಉಣ್ಣುವುದಷ್ಟೇ ನನ್ನ ಪಾಲಿನ ಕೆಲಸವೆಂದು ಬಹುಕಾಲ ನಂಬಿದ್ದವನು ನಾನು. ಆ ನಂಬಿಕೆ ಒಂದು ಸಂಜೆ ಹೇಗೆ ಸಡಿಲವಾಯಿತೆಂಬುದನ್ನೂ, ಅಂದು ಕಲಿತ ಕೆಲವು ಅಡಿಗೆಗಳನ್ನೂ ತಮ್ಮಲ್ಲಿ ಅರಿಕೆಮಾಡಿಕೊಳ್ಳುವುದೇ ಇಂದಿನ ನನ್ನ ಉದ್ದೇಶ.

ಕೀಟ್ಸ್ ಕವಿ 1819ರಲ್ಲಿ ಶರತ್ಕಾಲವನ್ನು ಕುರಿತು ಬರೆದ ಪ್ರಗಾಥವನ್ನು ವರ್ಷವರ್ಷವೂ ತರಗತಿಯಲ್ಲಿ ಓದಿಸುತ್ತೇನೆ. ಅಲ್ಲಿಯದು ಹಣ್ಣು ಮಾಗಿ, ಪೈರು ಕೊಯ್ಲಾಗಿ, ಕಣಜ ತುಂಬುವ ಕಾಲ. ನಮ್ಮ ಮೈಸೂರು ಸೀಮೆಯ ಶರದೃತು ಹಾಗಲ್ಲ. ಆಶ್ವಯುಜ ಕಾರ್ತಿಕಗಳಲ್ಲಿ ಒಂದು ದಿನ ಬಿಸಿಲು ಚುರುಕಾಗಿರುತ್ತದೆ, ಇನ್ನೊಂದು ದಿನ ಹಿಂಗಾರು ಮಳೆ ಸುರಿಯುತ್ತದೆ. ರಾಗಿ ಇನ್ನೂ ಹೊಲದಲ್ಲಿದೆ, ಬತ್ತ ಇನ್ನೂ ಗದ್ದೆಯಲ್ಲಿದೆ. ಹಿಂದಿನ ವರ್ಷದ ಕಾಳುಕಡ್ಡಿ ಡಬ್ಬಿಯ ತಳಕ್ಕೆ ಬಂದಿದೆ. ಆದರೆ ಬೇಲಿಯ ಮೇಲೆ ಕಣ್ಣುಹಾಯಿಸಿದರೆ ಹೀರೆ, ಸೋರೆ, ಪಡವಲ, ಕುಂಬಳ ಜೋತಾಡುತ್ತಿವೆ. ಹಳೆಯ ಧಾನ್ಯಕ್ಕೂ ಹೊಸ ತರಕಾರಿಗೂ ಆಗುವ ಸಮಾಗಮವೇ ನಮ್ಮ ಶರತ್ಕಾಲದ ಅಡಿಗೆ.

ಕೆಲವು ವರ್ಷಗಳ ಹಿಂದೆ, ಅಂಥ ಒಂದು ಆಶ್ವಯುಜದ ಸಂಜೆ, ನನಗೆ ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿಸಿದ ಮೇಷ್ಟ್ರು ಮೊಮ್ಮಗನೊಡನೆ ನಮ್ಮ ಮನೆಗೆ ದಯಮಾಡಿಸಿದರು. ತಿಂಗಳ 28ನೆಯ ತಾರೀಖು. ಮನೆಯಾಕೆ ತವರಿಗೆ ಹೋಗಿದ್ದಳು. ನನ್ನ ಜೇಬು ಬರಿದಾಗಿತ್ತು. ಗುರುಗಳಿಗೆ ಒಂದು ಸಿಹಿ, ಒಂದು ಕರಿದ ತಿಂಡಿ ಇಲ್ಲದೆ ಊಟ ಹಾಕುವುದುಂಟೆ? ಪಕ್ಕದ ಮನೆಯವರಲ್ಲಿ ಕೈಸಾಲ ಕೇಳೋಣವೆಂದು ಹಿಂಬಾಗಿಲಿನಿಂದ ಹೊರಟೆ. ನಮ್ಮ ತಾಯಿಯವರು ತಡೆದರು.

“ಎಲ್ಲಿಗೋ ಹೊರಟೆ?”

“ಮನೆಯಲ್ಲಿ ಏನೂ ಇಲ್ಲವಲ್ಲಮ್ಮ.”

“ಏನೂ ಇಲ್ಲ ಅಂತ ಯಾರು ಹೇಳಿದರು? ಡಬ್ಬಿ ತೆಗೆದು ನೋಡಿದೆಯಾ? ಹೋಗು, ಹಿತ್ತಿಲಿನಿಂದ ಎರಡು ಹೀರೇಕಾಯಿ ಕಿತ್ತುಕೊಂಡು ಬಾ.”

ಆ ಸಂಜೆ ನಾನು ಅಡಿಗೆಮನೆಯಲ್ಲಿ ಶಿಷ್ಯನಾಗಿ ಕುಳಿತೆ. ಅಮ್ಮ ಮೊದಲು ಹಿಡಿಯಷ್ಟು ಹೆಸರುಬೇಳೆಯನ್ನು ತೊಳೆದು ನೆನೆಹಾಕಿದರು. ಅರ್ಧ ಗಂಟೆ ನೆನೆದರೆ ಕೋಸಂಬರಿಗೆ ಅದು ಸಿದ್ಧ. ಸೌತೆಕಾಯಿಯ ಚೂರು, ತೆಂಗಿನ ತುರಿ, ನಿಂಬೆಯ ರಸ, ಸಾಸಿವೆಯ ಒಗ್ಗರಣೆ ಸಾಕು. ಉಪ್ಪನ್ನು ಮಾತ್ರ ಎಲೆ ಹಾಕಿದ ಮೇಲೆ ಬೆರಸಬೇಕು. ಮೊದಲೇ ಬೆರಸಿದರೆ ಸೌತೆ ನೀರು ಬಿಟ್ಟು ಕೋಸಂಬರಿ ಪೇಲವವಾಗುತ್ತದೆ.

ಬಳಿಕ ಅಟ್ಟದ ಮೇಲಿದ್ದ ಸಿಹಿಕುಂಬಳ ಇಳಿಯಿತು. ಚೆನ್ನಾಗಿ ಬಲಿತು ತೊಟ್ಟು ಗಟ್ಟಿಯಾಗಿದ್ದ ಕಾಯಿ ಒಡೆಯದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಆದುದರಿಂದ ಅದು ತರಕಾರಿಯೂ ಹೌದು, ಕೂಡಿಟ್ಟ ಸಾಮಾನೂ ಹೌದು. ನಾಲ್ವರಿಗೆ ಅರ್ಧ ಪಾವು ತೊಗರಿಬೇಳೆಯನ್ನು ಅರಿಸಿನ, ಒಂದು ತೊಟ್ಟು ಎಣ್ಣೆಯೊಡನೆ ಬೇಯಿಸಿಕೊಂಡು, ಅದಕ್ಕೆ ಕುಂಬಳದ ಹೋಳು ಹಾಕಿದರು. ಹುಣಿಸೆಹುಳಿ ಕಿವುಚಿ ಸುರಿಯಹೋದ ನನ್ನ ಕೈಯನ್ನು ತಡೆದು, “ಹೋಳು ಬೆಂದ ಮೇಲೆ ಹುಳಿ” ಎಂದರು. ಇದು ಬರಿಯ ಸಂಪ್ರದಾಯವಲ್ಲ. ಆಮ್ಲವಿರುವಲ್ಲಿ ತರಕಾರಿಯ ಕೋಶಗಳನ್ನು ಬೆಸೆದಿರುವ ವಸ್ತು ಬೇಗ ಕರಗುವುದಿಲ್ಲ. ಹೋಳು ಎಷ್ಟು ಕುದಿದರೂ ಬಿರುಸಾಗಿಯೇ ಉಳಿಯುತ್ತದೆ. ಹೋಳು ಮೆತ್ತಗಾದ ಮೇಲೆ ಹುಣಿಸೆಯ ರಸ, ಬೆಲ್ಲದ ಚೂರು, ಹುಳಿಪುಡಿ, ರುಬ್ಬಿದ ತೆಂಗಿನಕಾಯಿ ಸೇರಿ, ಎರಡು ಕುದಿ ಬಂದು, ಇಂಗಿನ ಒಗ್ಗರಣೆ ಬಿದ್ದಿತು. ಕುಂಬಳದ ಬೀಜವನ್ನು ಎಸೆಯಲಿಲ್ಲ. ಮರುದಿನದ ಬಿಸಿಲಿಗೆಂದು ತೊಳೆದಿಟ್ಟರು.

ಇನ್ನುಳಿದುದು ಹೀರೇಕಾಯಿ. ತಿರುಳು ಪಲ್ಯವಾಯಿತು. ನಾನು ಹೆರೆದು ಮೂಲೆಗೆ ತಳ್ಳಿದ್ದ ಸಿಪ್ಪೆಯನ್ನು ಅಮ್ಮ ಕರೆದು ಕೇಳಿದರು. ಬಾಣಲೆಯಲ್ಲಿ ಒಂದು ಚಮಚೆ ಎಣ್ಣೆ, ಉದ್ದಿನಬೇಳೆ, ಕಡಲೆಬೇಳೆ, ಒಣಮೆಣಸಿನಕಾಯಿ ಹುರಿದು, ಅದರಲ್ಲೇ ಸಿಪ್ಪೆಯನ್ನೂ ಬಾಡಿಸಿ, ತುಸು ಹುಣಿಸೆ, ಉಪ್ಪು, ತೆಂಗಿನ ತುರಿ ಸೇರಿಸಿ ತರಿತರಿಯಾಗಿ ರುಬ್ಬಿದರು. ಬಾಡಿಸುವಾಗ ಹಸಿ ವಾಸನೆ ಪೂರ್ತಿ ಹೋಗಬೇಕು, ಗುಟ್ಟು ಇಷ್ಟೇ.

ಬಡಿಸುವಾಗ ನಾನು ಸಂಕೋಚದಿಂದ ಕುಗ್ಗಿದ್ದೆ. ಮೇಷ್ಟ್ರು ಚಟ್ನಿಯನ್ನು ಎರಡನೆಯ ಸಲ ಹಾಕಿಸಿಕೊಂಡು, ಏತರದು ಎಂದು ವಿಚಾರಿಸಿದರು. ಅಮ್ಮ ಹೇಳಿದರು. “ನೋಡಿ ತಾಯಿ, ನಮ್ಮ ಹಿತ್ತಿಲಿನಲ್ಲೂ ಹೀರೆಬಳ್ಳಿಯಿದೆ. ಸಿಪ್ಪೆಯನ್ನೆಲ್ಲ ಇಷ್ಟು ವರ್ಷ ಎಮ್ಮೆಗೆ ಹಾಕಿದೆವಲ್ಲ!” ಎಂದು ನಕ್ಕರು. ನನ್ನ ಸಂಕೋಚ ಅಲ್ಲಿಗೆ ಕರಗಿತು. ನಾನು ಸಾಲ ತಂದು ತೋರಿಸಹೊರಟಿದ್ದುದು ನನ್ನ ಪದವಿಯನ್ನು. ಅಮ್ಮ ಬಡಿಸಿದುದು ಮನೆಯ ಅನ್ನವನ್ನು.

ಆ ಎಲೆಯ ಮೇಲಿದ್ದುದು ಬಡತನದ ಊಟವೆಂದು ಯಾರೂ ಭಾವಿಸಬೇಕಾಗಿಲ್ಲ. ವಾಗ್ಭಟನ ಅಷ್ಟಾಂಗಹೃದಯದ ಪ್ರಕಾರ ಶರತ್ತು ಪಿತ್ತ ಕೆರಳುವ ಕಾಲ. ಹಸಿವಾದಾಗ ಲಘುವಾಗಿ ಉಣ್ಣಬೇಕೆಂದು ಹೇಳಿ, ಅಕ್ಕಿ, ಹೆಸರು, ನೆಲ್ಲಿ, ಪಟೋಲಗಳನ್ನು ಅವನು ಹಿತವೆಂದೆಣಿಸುತ್ತಾನೆ. ಇಂದಿನ ಆಹಾರಶಾಸ್ತ್ರವನ್ನು ಕೇಳಿದರೆ, ಅಕ್ಕಿಯ ಸಸಾರಜನಕದಲ್ಲಿ ಕಡಿಮೆಯಿರುವ ಅಂಶವನ್ನು ಬೇಳೆಯೂ, ಬೇಳೆಯಲ್ಲಿ ಕಡಿಮೆಯಿರುವುದನ್ನು ಅಕ್ಕಿಯೂ ತುಂಬಿಕೊಡುತ್ತವೆ. ಕುಂಬಳದ ಹೊಂಬಣ್ಣದಿಂದ ದೇಹವು ಎ ಜೀವಸತ್ತ್ವವನ್ನು ಮಾಡಿಕೊಳ್ಳುತ್ತದೆ. ಆ ಬಣ್ಣ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಒಗ್ಗರಣೆಯ ಎಣ್ಣೆ ಆ ಕೆಲಸವನ್ನು ಮಾಡುತ್ತದೆ.

ಕಾರ್ತಿಕ ಬಂದಿತೆಂದರೆ ನೆಲ್ಲಿಕಾಯಿ. ಉತ್ಥಾನದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವ ಮನೆಗಳಲ್ಲಿ, ಮರುದಿನ ಆ ಕಾಯಿಯನ್ನು ಬಾಡಲು ಬಿಡಬಾರದು. ನಾಲ್ಕೈದು ಕಾಯಿ ತುರಿದು, ಸಾಸಿವೆ, ಬೇಳೆ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಯಲ್ಲಿ ಒಂದೆರಡು ನಿಮಿಷ ಮಾತ್ರ ಬಾಡಿಸಿ, ಉದುರಾದ ಅನ್ನಕ್ಕೆ ಕಲಸಿದರೆ ಚಿತ್ರಾನ್ನಕ್ಕೆ ನಿಂಬೆಯನ್ನು ಕೊಳ್ಳಬೇಕಾಗಿಲ್ಲ. ನೆಲ್ಲಿಯಲ್ಲಿ ಹೇರಳವಾಗಿರುವ ಸಿ ಜೀವಸತ್ತ್ವ ಹೆಚ್ಚು ಹೊತ್ತು ಕಾಯಿಸಿದರೆ ಕಡಿಮೆಯಾಗುವುದರಿಂದ, ಒಲೆಯ ಮೇಲೆ ಬಹಳ ಹೊತ್ತು ಇಡದಿರುವುದು ಮೇಲು.

ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಭೋಜನದ ವಿವರವಿದೆ. ಅರಮನೆಯ ಊಟಕ್ಕೆ ಗ್ರಂಥವುಂಟು. ತಿಂಗಳ ಕೊನೆಯ ಊಟಕ್ಕೆ ಗ್ರಂಥವೆಂದರೆ ಅಡಿಗೆ ಮಾಡುವವರ ಕೈಯೊಂದೇ. ನಮ್ಮ ತಾಯಿಯವರು ಈಗಿಲ್ಲ. ನಾನು ಕಲಿತುದು ಇಷ್ಟೇ. ಅವರ ಹುಳಿಪುಡಿಯ ಅಳತೆಯನ್ನು ಕೇಳಬೇಕೆಂದು ನನಗೆ ತೋರಲೇ ಇಲ್ಲ. ಷೇಕ್ಸ್‌ಪಿಯರನ ನಾಟಕಗಳ ಪಾಠಾಂತರಗಳನ್ನು ಟಿಪ್ಪಣಿ ಮಾಡಿಕೊಂಡವನು, ದಿನವೂ ಉಂಡುದನ್ನು ಒಂದು ಚೀಟಿಯಲ್ಲಿ ಬರೆದಿಡಲಿಲ್ಲ.

ಆದುದರಿಂದ ನನ್ನದೊಂದು ವಿಜ್ಞಾಪನೆ. ವಿಶೇಷವಾಗಿ, ನನ್ನಂತೆ ಎಲೆಯ ಮುಂದೆ ಮಾತ್ರ ಕುಳಿತು ಬಲ್ಲ ಗಂಡಸರಿಗೆ. ಈ ವಾರ ಒಂದು ಸಂಜೆ ಅಡಿಗೆಮನೆಗೆ ಹೋಗಿ, ಹೀರೇಕಾಯಿಯ ಸಿಪ್ಪೆ ಹೆರೆದುಕೊಡಿ. ಕೈ ಕೆಲಸ ಮಾಡುತ್ತಿರುವಾಗ, ಯಾವುದಕ್ಕೆ ಎಷ್ಟು ಅಳತೆ ಎಂದು ಕೇಳಿ ತಿಳಿದುಕೊಳ್ಳಿ. ಹೇಳುವವರು ಇರುವಾಗಲೇ ಕೇಳಬೇಕು.